ಈಡಿನ ಲೆಕ್ಕ

ಕಲ್ಯಾಣ ಜಂಕ್ಷನ್ ಬಿಟ್ಟು ಕರ್ಜತ್ ಕಡೆಗೆ ಹೊರಟ ಲೋಕಲ್ ಗಾಡಿ ವಿಠ್ಠಲವಾಡಿ, ಉಲ್ಹಾಸನಗರ ದಾಟಿದರೆ ಅಂಬರನಾಥ. ಊರಿಗೆ ಹೆಸರು ತಂದ ಶಿವಾಲಯದಲ್ಲಿ ಶಕ 982ರ, ಅಂದರೆ ಕ್ರಿ.ಶ. 1060ರ ಶಾಸನವಿದೆ. ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರರು. ಠಾಣೆ ಅವರ ಮುಖ್ಯ ಪಟ್ಟಣಗಳಲ್ಲೊಂದು. 'ಗಂಡರಗಂಡ'ದಂಥ ಅಚ್ಚಗನ್ನಡ ಬಿರುದುಗಳನ್ನು ಹೊತ್ತು ಮೆರೆದ ಮನೆತನ. ಡೊಂಬಿವಲಿ, ಕಲ್ಯಾಣದ ಕನ್ನಡಿಗರು ನೆಂಟರು ಬಂದಾಗ ತೋರಿಸುವ ಜಾಗ ಇದು. ಅದೇ ಊರಿನ ಇನ್ನೊಂದು ಹೆಗ್ಗುರುತು ಎತ್ತರದ ಗೋಡೆಯ ಹಿಂದೆ ಇರುವುದರಿಂದ ಯಾರೂ ತೋರಿಸುವುದಿಲ್ಲ. ಅದು ಆರ್ಡ್‌ನೆನ್ಸ್ ಫ್ಯಾಕ್ಟರಿ.

1950ರ ದಶಕದಲ್ಲಿ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶುರುವಾದ ಈ ಕಾರ್ಖಾನೆಯ ಮುಖ್ಯ ಕಸುಬು ಲೋಹದ್ದು. ತಾಮ್ರ ಎಪ್ಪತ್ತು ಪಾಲು, ಸತುವು ಮೂವತ್ತು ಪಾಲು ಬೆರೆಸಿದ ಹಿತ್ತಾಳೆಯನ್ನು ಎರಕ ಹೊಯ್ದು, ಹಾಳೆ ಮಾಡಿ, ಅದರಿಂದ ಸಣ್ಣ ಬಟ್ಟಲುಗಳನ್ನು ಒತ್ತಿ ತೆಗೆಯುತ್ತಾರೆ. ನೋಡಲು ಕುಂಕುಮದ ಬಟ್ಟಲಿನ ಹಾಗಿರುವ ಇದನ್ನು ಹಂತಹಂತವಾಗಿ ಎಳೆದು ಉದ್ದ ಮಾಡಿದರೆ ತೋಟಾದ ಕೊಳವೆ ತಯಾರು. ಆಮೇಲಿನ ಪ್ರಶ್ನೆ ಒಂದೇ: ಈ ಕೊಳವೆಯೊಳಗೆ ಮದ್ದು ಎಷ್ಟು ಹಾಕಬೇಕು?

ಒಂದು ಸಾಲಿನ ಈ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯರು ಮುನ್ನೂರು ವರ್ಷ ತೆಗೆದುಕೊಂಡಿದ್ದಾರೆ. ಆ ಹುಡುಕಾಟದಲ್ಲೇ ಗಣಿತದ ಕೆಲವು ವಿಧಾನಗಳು ಬೆಳೆದವು, ಒಂದು ಬಗೆಯ ಕಂಪ್ಯೂಟರ್ ಹುಟ್ಟಿತು, ಈಗ ಲ್ಯಾಪ್‌ಟಾಪಿನ ಮೇಲೆ ಓಡುವ ತಂತ್ರಾಂಶಗಳಾಗಿವೆ. ಅಮೆರಿಕ, ಜರ್ಮನಿಗಳಲ್ಲಿ ಗುರಿಕಾರರು ಮನೆಯ ಮೇಜಿನ ಮೇಲೆ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ತುಂಬುವ ಮೊದಲು ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಾರೆ. ಹಿತ್ತಾಳೆಯ ಬಟ್ಟಲು ದಿನವೂ ಸಾವಿರಗಟ್ಟಲೆ ತಯಾರಾಗುವ ಅಂಬರನಾಥದ ಸುತ್ತಮುತ್ತ ಹಾಗೆ ಮಾಡುವ ಮನೆ ಇಲ್ಲ. ಯಾಕೆ ಇಲ್ಲ ಎಂಬುದಕ್ಕೆ ಉತ್ತರ ತಂತ್ರಜ್ಞಾನದಲ್ಲಿ ಅರ್ಧ ಸಿಗುತ್ತದೆ, ಕಾನೂನಿನ ಇತಿಹಾಸದಲ್ಲಿ ಇನ್ನರ್ಧ.

*

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೋವಿಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡಿಗೆ 'ಈಡು' ಎನ್ನುತ್ತಾರೆ. ಹೊಡೆದಾಗ ಕೇಳುವ ಸದ್ದೂ ಈಡೇ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಇಡಿದು, ಮೇಲೆ ಚರೆಯನ್ನೋ ಗುಂಡನ್ನೋ ಇಳಿಸುವುದು ಕೇಪಿನ ಕೋವಿ. ಹಿಂದಿನಿಂದ ಮಡಚಿ ತುಂಬುವುದು ತೋಟಾ ಕೋವಿ. ತೇಜಸ್ವಿಯವರ ಶಿಕಾರಿ ಬರಹಗಳನ್ನು ಓದಿದವರಿಗೆ ಇವೆಲ್ಲ ಹೊಸ ಮಾತಲ್ಲ. ಉತ್ತರ ಕರ್ನಾಟಕದವರ ಬಾಯಲ್ಲಿ ತೋಟಾಕ್ಕೆ 'ಕಾಡತೂಸು' ಎಂಬ ಹೆಸರಿದೆ. ಮರಾಠಿಯಲ್ಲೂ ಅದೇ. ಪೋರ್ಚುಗೀಸರ 'ಕಾರ್ತೂಶು' ಕೊಂಕಣದ ದಂಡೆಯಲ್ಲಿ ಇಳಿದು ಘಟ್ಟ ಹತ್ತಿದ್ದು ಹೀಗೆ.

ಆ ಪೋರ್ಚುಗೀಸರು 1730ರಲ್ಲಿ ಠಾಣೆಯ ಕೊಲ್ಲಿಯ ದಡದಲ್ಲಿ ಕೋಟೆ ಕಟ್ಟತೊಡಗಿದರು. 1737ರಲ್ಲಿ ಮರಾಠರು ಗೆದ್ದುಕೊಂಡರು. 1774ರ ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಫಿರಂಗಿ ಹೂಡಿ ಗೋಡೆ ಒಡೆದು ಒಳಹೊಕ್ಕಿತು. ಇವತ್ತು ಅದೇ ಕೋಟೆ ಠಾಣೆಯ ಸೆಂಟ್ರಲ್ ಜೈಲು. ಮೂವತ್ತೇಳು ವರ್ಷಗಳ ಅಂತರದ ಈ ಎರಡು ಮುತ್ತಿಗೆಗಳ ನಡುವೆ, 1742ರಲ್ಲಿ, ಲಂಡನ್ನಿನಲ್ಲಿ ಒಂದು ಸಣ್ಣ ಪುಸ್ತಕ ಬಂತು: 'ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ'. ಬರೆದವನು ಬೆಂಜಮಿನ್ ರಾಬಿನ್ಸ್.

ಅದಕ್ಕೂ ಮುಂಚೆ ಗುಂಡಿನ ವೇಗ ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ರಾಬಿನ್ಸ್ ಮಾಡಿದ್ದು ಇಷ್ಟೆ: ಭಾರವಾದ ಮರದ ದಿಮ್ಮಿಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿದ. ಗುಂಡು ಬಂದು ಅದರಲ್ಲಿ ನೆಟ್ಟುಕೊಂಡಾಗ ದಿಮ್ಮಿ ಹಿಂದಕ್ಕೆ ತೂಗುತ್ತದೆ. ಎಷ್ಟು ದೂರ ತೂಗಿತು ಎಂಬುದನ್ನು ಕೆಳಗೆ ಕಟ್ಟಿದ ರಿಬ್ಬನ್ನಿನಿಂದ ಅಳೆದ. ದಿಮ್ಮಿಯ ತೂಕ, ಗುಂಡಿನ ತೂಕ ಗೊತ್ತಿದ್ದರೆ ಗುಂಡಿನ ವೇಗ ಲೆಕ್ಕಕ್ಕೆ ಸಿಗುತ್ತದೆ. ಬಂದ ಉತ್ತರ ಸೆಕೆಂಡಿಗೆ ಸುಮಾರು 1,700 ಅಡಿ. ದಿಮ್ಮಿಯನ್ನು ದೂರ ದೂರ ಇಟ್ಟು ಹೊಡೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಗಾಳಿ ಗುಂಡನ್ನು ತಡೆಯುವ ಬಲ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಗೆಲಿಲಿಯೋ ಕಾಲದಿಂದ ಕಲಿಸುತ್ತ ಬಂದಿದ್ದ ಪರವಲಯದ ದಾರಿ, ವೇಗವಾಗಿ ಹಾರುವ ಗುಂಡಿನ ಮಟ್ಟಿಗೆ, ಬರೀ ಪುಸ್ತಕದ ಬದನೆಕಾಯಿ. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಜರ್ಮನ್‌ಗೆ ಅನುವಾದಿಸಿ, ಮೂಲಕ್ಕಿಂತ ದೊಡ್ಡ ಟಿಪ್ಪಣಿ ಸೇರಿಸಿದ.

ರಾಬಿನ್ಸನ ಕೊನೆ ನಮ್ಮ ನೆಲದಲ್ಲೇ ಆಯಿತು. ಕಂಪನಿಯ ಕೋಟೆಗಳನ್ನು ಸರಿಪಡಿಸಲು ಎಂಜಿನಿಯರ್ ಜನರಲ್ ಆಗಿ ಬಂದವನು ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ, 1751ರ ಜುಲೈನಲ್ಲಿ, ಜ್ವರದಿಂದ ಸತ್ತ. ಆಗ ಅವನಿಗೆ ನಲವತ್ತನಾಲ್ಕು. ಗುಂಡಿನ ವಿಜ್ಞಾನಕ್ಕೆ ಅಡಿಗಲ್ಲು ಹಾಕಿದವನು ತಮಿಳುನಾಡಿನ ಕಡಲ ತೀರದಲ್ಲಿ ಮಣ್ಣಾಗಿದ್ದಾನೆ ಎಂಬುದು ಭಾರತದ ಇತಿಹಾಸ ಪಠ್ಯಗಳಲ್ಲಿ ಒಂದು ಸಾಲಿಗೂ ದಕ್ಕಿಲ್ಲ.

*

ಅದೇ ಕಾಲದಲ್ಲಿ ಮೈಸೂರಿನಲ್ಲಿ ಇನ್ನೊಂದು ಬಗೆಯ ಲೆಕ್ಕ ನಡೆದಿತ್ತು. ಹೈದರ್, ಟಿಪ್ಪು ಕಾಲದ ಬಾಣಗಾರರು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದರು. ಯುರೋಪಿನ ಬಾಣಗಳು ಆಗ ಕಾಗದದ ಕೊಳವೆಯವು. ಒಳಗಿನ ಒತ್ತಡ ಸ್ವಲ್ಪ ಏರಿದರೂ ಒಡೆದುಹೋಗುತ್ತಿದ್ದವು. ಕಬ್ಬಿಣ ಹೆಚ್ಚು ಒತ್ತಡ ತಾಳುತ್ತದೆ, ಹಾಗಾಗಿ ಮದ್ದನ್ನು ಬಿಗಿಯಾಗಿ ಇಡಿಯಬಹುದು, ಹಾಗಾಗಿ ಬಾಣ ದೂರ ಹೋಗುತ್ತದೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದು ಬೇಯ್ಲಿಯ ಪಡೆ ನಾಶವಾದದ್ದರಲ್ಲಿ ಈ ಬಾಣಗಳ ಪಾಲಿದೆ ಎಂಬುದು ಪ್ರಸಿದ್ಧ. ಬೆಂಗಳೂರಿನ ತಾರಾಮಂಡಲ ಪೇಟೆಯ ಹೆಸರಿನಲ್ಲಿ ಆ ಕಸುಬಿನ ನೆನಪು ಉಳಿದಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಬಾಣದ ಕೊಳವೆಗಳು ಸಿಕ್ಕವು; ಉದ್ದ 23ರಿಂದ 26 ಸೆಂಟಿಮೀಟರ್.

ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಎರಡು ಲೋಕಗಳನ್ನು ಎದುರುಬದುರು ಇಟ್ಟು ನೋಡಿದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ವುಲ್ವಿಚ್ಚಿಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ಪ್ರಯೋಗ ಮಾಡಿದ, ಅಳೆದ, ಬರೆದಿಟ್ಟ, ಅಚ್ಚು ಹಾಕಿಸಿದ. 1807ರಲ್ಲಿ ಕೋಪನ್‌ಹೇಗನ್ ಉರಿಯಿತು. ಮೈಸೂರಿನ ಬಾಣಗಾರರೂ ದೂರಕ್ಕೆ ತಕ್ಕ ಕೋನ ಹಿಡಿಯುವ ತರಬೇತಿ ಪಡೆದವರೇ. ಅವರ ಲೆಕ್ಕ ಕೈಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ರಾಜ್ಯ ಹೋದಾಗ ಕೈಗಳೂ ಚದುರಿದವು. ಬಾಣಗಾರರು ದಡ್ಡರೂ ಅಲ್ಲ, ಕಾಂಗ್ರೀವ್ ಕಳ್ಳನೂ ಅಲ್ಲ. ಬರೆದಿಟ್ಟ ಅಳತೆಗೆ ವಾರಸುದಾರರು ತಾನಾಗಿ ಸಿಗುತ್ತಾರೆ.

ಅರ್ಧ ಶತಮಾನದ ನಂತರ ಆ ಕೈಗಳಿಂದ ಕೋವಿಯನ್ನೇ ಕಿತ್ತುಕೊಳ್ಳುವ ಕಾಲ ಬಂತು. 1857ರ ದಂಗೆಗೆ ಕಿಡಿಯಾದದ್ದು ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸು, ಅದಕ್ಕೆ ಸವರಿದ ಕೊಬ್ಬು. ಆ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಊರಿಗೆ ದಂಡು ನುಗ್ಗಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ನೇಣಿಗೆ ಹಾಕಿದರು. ಅವರ ಲಾವಣಿಯನ್ನು ಸಂಗ್ರಹಿಸಿಟ್ಟವನು ಶಾಸನತಜ್ಞ ಫ್ಲೀಟ್. ಅವನೂ ಬ್ರಿಟಿಷ್ ಅಧಿಕಾರಿಯೇ. ಅದೇ ಸರಕಾರ 1861ರಲ್ಲಿ ಕೊಡವರಿಗೆ ಶಸ್ತ್ರ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. ಬೇಡರಿಗೆ ನೇಣು, ಕೊಡವರಿಗೆ ಕೋವಿ: ಯಾರು ನಂಬಿಕಸ್ತರು, ಯಾರು ಅಲ್ಲ ಎಂದು ಸರಕಾರ ತೀರ್ಮಾನಿಸಿದ ಬಗೆ ಇದು. ಸ್ವತಂತ್ರ ಭಾರತವೂ ಕೊಡಗಿನ ವಿನಾಯಿತಿಯನ್ನು ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಇಂದಿಗೂ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ.

*

ಕೇಪಿನ ಕೋವಿಗೆ ಈಡು ತುಂಬುವಾಗ ಕೈಯಂದಾಜು ಸಾಕಾಗುತ್ತಿತ್ತು ಎನ್ನುವುದಕ್ಕೆ ಕಾರಣ ತುಂಬುವವರ ಜಾಣ್ಮೆಯಷ್ಟೇ ಅಲ್ಲ, ಕರಿಮದ್ದಿನ ಸ್ವಭಾವವೂ ಹೌದು. ಪೆಟ್ಲುಪ್ಪು, ಇದ್ದಿಲು, ಗಂಧಕ ಕೂಡಿದ ಕರಿಮದ್ದು ಉರಿಯುವ ವೇಗ ಒತ್ತಡಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಸ್ವಲ್ಪ ಹೆಚ್ಚಾದರೆ ಭುಜಕ್ಕೆ ಗುದ್ದು ಜೋರು, ಹೊಗೆ ಜಾಸ್ತಿ. ತಪ್ಪನ್ನು ಕ್ಷಮಿಸುವ ಮದ್ದು ಅದು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದು ಮಾಡಿದ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ಅಂಟು ಮಾಡಿ, ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿದ ಪದಾರ್ಥ. ಐದು ವರ್ಷದಲ್ಲಿ ಬ್ರಿಟಿಷರು ತಮ್ಮ ಕಾರ್ಡೈಟ್ ತಂದರು. 1904ರ ಹೊತ್ತಿಗೆ ನೀಲಗಿರಿಯ ಅರುವಂಕಾಡಿನಲ್ಲಿ ಅದರ ಕಾರ್ಖಾನೆ ಎದ್ದಿತು. ಈ ಹೊಸ ಮದ್ದಿನ ಗುಣ ಬೇರೆ. ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಗುಂಡು ಕೊಳವೆಯೊಳಗೆ ಒಂದು ಎಳ್ಳಿನಷ್ಟು ಹೆಚ್ಚು ಇಳಿದು ಕೂತರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಲೆಕ್ಕ ಮೀರಿ ಏರಬಹುದು. ಬೇಸಿಗೆಯ ಬಿಸಿಲಿಗೆ ಕಾದ ಮದ್ದು ಚಳಿಗಾಲದ ಮದ್ದಿಗಿಂತ ಬಿರುಸು. ಕರಿಮದ್ದು ಅಳೆದ ಅದೇ ಚಟಾಕಿನಿಂದ ಹೊಸ ಮದ್ದನ್ನು ಅಳೆದು ತುಂಬಿದವರ ಕೋವಿಗಳು ಸಿಡಿದವು, ಬೆರಳು ಕಣ್ಣು ಹೋದವು. ಹಳೆಯ ವಿಲಾಯಿತಿ ಜೋಡುನಳಿಗೆಗಳ ಮೇಲೆ 'ಹೊಗೆರಹಿತ ಮದ್ದಿಗೆ ಪರೀಕ್ಷಿಸಿದೆ' ಎಂಬ ಗುರುತು ಇದೆಯೋ ಇಲ್ಲವೋ ಎಂದು ಜಾಣರು ಮೊದಲು ನೋಡುತ್ತಿದ್ದದ್ದು ಇದಕ್ಕೇ.

ಈ ಕಥೆಯ ನಿಜವಾದ ತಿರುವು ಕಂಪ್ಯೂಟರ್ ಅಲ್ಲ, 1884. ಅಂದಾಜಿಗೆ ಜಾಗವಿಲ್ಲದ ಮದ್ದು ಬಂದದ್ದರಿಂದಲೇ ಲೆಕ್ಕ ಅನಿವಾರ್ಯವಾಯಿತು. ತೂಕದ ಅಳತೆಯನ್ನೇ ನೋಡಿ: ತೋಟಾ ತುಂಬುವವರ ಘಟಕ 'ಗ್ರೇನ್', ಒಂದು ಪೌಂಡಿಗೆ 7,000. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. ಬಂಗಾರಕ್ಕಿಂತ ಬಿಗಿಯಾದ ತಕ್ಕಡಿ ಮದ್ದಿಗೆ ಬೇಕಾಯಿತು.

ಒಳಗಿನ ಲೆಕ್ಕ ಹೀಗಿದ್ದರೆ ಹೊರಗಿನದು ಬೇರೆ. ನಳಿಗೆಯೊಳಗೆ ಒತ್ತಡ ಎಷ್ಟು ಎಂಬುದನ್ನು ನೋಬಲ್ ಮತ್ತು ಏಬೆಲ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ತಾಮ್ರದ ತುಂಡು ಎಷ್ಟು ಜಜ್ಜಿತು ಎಂದು ನೋಡಿ ಅಳೆದರು. ನಳಿಗೆ ಬಿಟ್ಟ ಮೇಲೆ ಗಾಳಿ ಎಷ್ಟು ತಡೆಯುತ್ತದೆ ಎಂಬುದನ್ನು ಫ್ರಾನ್ಸಿಸ್ ಬ್ಯಾಶ್‌ಫೋರ್ತ್ ಎಂಬ ಪಾದ್ರಿ 1860ರ ದಶಕದಲ್ಲಿ ಸಾಲಾಗಿ ತಂತಿಯ ಪರದೆ ನಿಲ್ಲಿಸಿ, ಗುಂಡು ಒಂದೊಂದನ್ನೂ ಹರಿದ ಕ್ಷಣವನ್ನು ವಿದ್ಯುತ್ತಿನಿಂದ ಗುರುತಿಸಿ ಅಳೆದ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಈ ಪಾದ್ರಿಯ ಹೆಸರು ಗೊತ್ತು, ಗೊತ್ತಿರುವುದು ಗೊತ್ತಿಲ್ಲ ಅಷ್ಟೆ: ವಿಟಿಯು ಗಣಿತದ ಪರೀಕ್ಷೆಗೆ ಬಾಯಿಪಾಠ ಮಾಡುವ 'ಆಡಮ್ಸ್–ಬ್ಯಾಶ್‌ಫೋರ್ತ್' ವಿಧಾನದ ಬ್ಯಾಶ್‌ಫೋರ್ತ್ ಇವನೇ. ಆ ವಿಧಾನ ಅಚ್ಚಾದದ್ದು 1883ರಲ್ಲಿ, ದ್ರವದ ಹನಿಯ ಆಕಾರದ ಬಗೆಗಿನ ಪುಸ್ತಕದಲ್ಲಿ. ಆದರೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಸಮೀಕರಣವನ್ನು ಬಿಡಿಸುವ ಅದೇ ಜಾತಿಯ ಉಪಾಯ ಗುಂಡಿನ ದಾರಿ ಲೆಕ್ಕ ಹಾಕಲೂ ಬೇಕು.

ಜರ್ಮನಿಯ ಕ್ರುಪ್ ಕಂಪನಿಯ ಪರೀಕ್ಷೆಗಳನ್ನು ರಷ್ಯದ ಮಯೆವ್‌ಸ್ಕಿ ಸೂತ್ರಕ್ಕೆ ಇಳಿಸಿದ, ಅಮೆರಿಕದ ಇಂಗಲ್ಸ್ ಅದನ್ನು ಕೋಷ್ಟಕ ಮಾಡಿದ, ಇಟಲಿಯ ಸಿಯಾಚಿ ಲೆಕ್ಕವನ್ನು ಹಗುರ ಮಾಡಿದ. ಒಂದು ಮಾದರಿ ಗುಂಡನ್ನು ಇಟ್ಟುಕೊಂಡು, ನಿಮ್ಮ ಗುಂಡು ಅದಕ್ಕೆ ಹೋಲಿಸಿದರೆ ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಎಂದು ಹೇಳುವ ಒಂದೇ ಒಂದು ಅಂಕಿ ಆಗ ಹುಟ್ಟಿತು. ಇವತ್ತಿನ ಮೊಬೈಲ್ ಆ್ಯಪ್‌ಗಳೂ ಆ ಅಂಕಿಯನ್ನೇ ಕೇಳುತ್ತವೆ.

ಇಷ್ಟಾದರೂ ಒಂದೊಂದು ದಾರಿಯನ್ನು ಕೈಯಲ್ಲಿ ಬಿಡಿಸುವುದು ಬೆವರಿಳಿಸುವ ಕೆಲಸ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಪ್ರತಿ ಹೊಸ ಫಿರಂಗಿಗೂ ಒಂದು ಕೋಷ್ಟಕ ಬೇಕಿತ್ತು, ಒಂದು ಕೋಷ್ಟಕಕ್ಕೆ ಸುಮಾರು 3,000 ದಾರಿಗಳು. ಗಣಿತ ಓದಿದ ತರುಣಿಯರನ್ನು ನೇಮಿಸಿಕೊಂಡರು. ಹುದ್ದೆಯ ಹೆಸರೇ 'ಕಂಪ್ಯೂಟರ್'. ಅರವತ್ತು ಸೆಕೆಂಡಿನ ಒಂದು ದಾರಿಗೆ ಮೇಜಿನ ಯಂತ್ರ ಹಿಡಿದು ಕೂತವಳಿಗೆ 20 ಗಂಟೆ ಬೇಕು. ಅದನ್ನು ಇಳಿಸಲೆಂದು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು ಎನಿಯಾಕ್. 1946ರಲ್ಲಿ ಲೋಕಕ್ಕೆ ತೋರಿಸಿದಾಗ ಅದೇ ಲೆಕ್ಕವನ್ನು 30 ಸೆಕೆಂಡಿನಲ್ಲಿ ಮುಗಿಸಿತು. ಗುಂಡು ನೆಲಕ್ಕೆ ಬೀಳುವುದಕ್ಕಿಂತ ಮುಂಚೆ ಉತ್ತರ ಸಿದ್ಧ.

*

ಭಾರತದಲ್ಲಿ ಈ ಲೆಕ್ಕ ಸರಕಾರದ ಬೇಲಿಯೊಳಗೆ ಬೆಳೆಯಿತು. 1869ರಲ್ಲಿ ಖಡಕಿಯ ಮದ್ದುಗುಂಡು ಕಾರ್ಖಾನೆ ಬಂತು. 1895ರಿಂದ ಒಡಿಶಾದ ಚಾಂದೀಪುರದಲ್ಲಿ ಪರೀಕ್ಷಾ ಕೇಂದ್ರ ನಡೆದಿದೆ. ಅಲ್ಲಿ ಸಮುದ್ರ ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಹಿಂದೆ ಸರಿಯುವುದರಿಂದ ಹೊಡೆದ ಗುಂಡನ್ನು ಹೋಗಿ ಎತ್ತಿಕೊಂಡು ಬರಬಹುದು. ಕಲ್ಕತ್ತದ ಬಳಿಯ ಡಂಡಂ ಕಾರ್ಖಾನೆಯಂತೂ ಜಗತ್ತಿಗೆ ಒಂದು ಶಬ್ದವನ್ನೇ ಕೊಟ್ಟಿತು. ಕಾರ್ಡೈಟಿನ ವೇಗಕ್ಕೆ ಸಣ್ಣ ಗುಂಡು ದೇಹವನ್ನು ತೂರಿ ಆಚೆ ಹೋಗುತ್ತದೆ, ವಾಯವ್ಯ ಗಡಿಯಲ್ಲಿ ಎದುರಾಳಿ ನಿಲ್ಲುವುದಿಲ್ಲ ಎಂದು ದೂರು ಬಂದಾಗ, ಕ್ಯಾಪ್ಟನ್ ಬರ್ಟಿ-ಕ್ಲೇ ಅಲ್ಲಿ ಗುಂಡಿನ ಮೂತಿಯ ಹೊದಿಕೆ ತೆಗೆದು ಒಳಗೆ ಅರಳುವ ಹಾಗೆ ಮಾಡಿದ. 1899ರ ಹೇಗ್ ಸಮಾವೇಶ ಅದನ್ನು ಯುದ್ಧದಲ್ಲಿ ನಿಷೇಧಿಸಿತು. ಲೆಕ್ಕ ತನ್ನಷ್ಟಕ್ಕೆ ತಾನು ಸರಿಯೇ ಇದ್ದರೂ ಅದರ ಫಲ ಮನುಷ್ಯರ ಮೈಯಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಮರೆತು ಈ ಇತಿಹಾಸ ಬರೆದರೆ ಅದು ಬರೀ ಯಂತ್ರದ ಕ್ಯಾಟಲಾಗ್ ಆದೀತು.

ಹಿತ್ತಾಳೆಗೂ ಭಾರತ ಒಂದು ಪಾಠ ಕಲಿಸಿತು. ಬ್ರಿಟಿಷ್ ಪಡೆಗಳು ಮಳೆಗಾಲದಲ್ಲಿ ತೋಟಾ ಪೆಟ್ಟಿಗೆಗಳನ್ನು ಕುದುರೆಲಾಯದಲ್ಲಿ ಇಟ್ಟು, ಬಿಸಿಲು ಬಂದ ಮೇಲೆ ತೆಗೆದು ನೋಡಿದರೆ ಯಾರೂ ಮುಟ್ಟದ ಕೊಳವೆಗಳು ತಾವಾಗಿ ಬಿರಿದಿರುತ್ತಿದ್ದವು. ಮಳೆಗಾಲದ ಕಾಯಿಲೆ ಎಂದೇ ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಬಿತ್ತು. ಕಾರಣ ಗೊತ್ತಾದದ್ದು 1921ರಲ್ಲಿ. ಬಟ್ಟಲನ್ನು ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ; ಲಾಯದ ಗಂಜಲದಿಂದ ಏಳುವ ಅಮೋನಿಯ ತೇವದ ಜೊತೆ ಸೇರಿ ಆ ಬಿಗಿತವಿದ್ದಲ್ಲಿ ಹಿತ್ತಾಳೆಯನ್ನು ತಿನ್ನುತ್ತದೆ. ಪರಿಹಾರ ಸರಳ, ಹದವಾಗಿ ಕಾಯಿಸಿ ಬಿಗಿತ ಇಳಿಸುವುದು. ಜೂನ್ ಬಂತೆಂದರೆ ನಾಲ್ಕು ತಿಂಗಳು ಬಿಡದೆ ಸುರಿಯುವ ಅಂಬರನಾಥದಲ್ಲಿ ಹಿತ್ತಾಳೆಯ ಕಾರ್ಖಾನೆ ನಡೆಸುವವರು ಈ ಪಾಠವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಬ್ರಿಟಿಷರ 1878ರ ಶಸ್ತ್ರ ಕಾಯಿದೆಯ ಜಾಗಕ್ಕೆ 1959ರಲ್ಲಿ ನಮ್ಮದೇ ಕಾಯಿದೆ ಬಂತು. 'ಮದ್ದುಗುಂಡು' ಎಂದರೆ ಏನು ಎಂಬ ಅದರ ವ್ಯಾಖ್ಯೆಯ ಪಟ್ಟಿ ಶುರುವಾಗುವುದೇ ರಾಕೆಟ್‌ಗಳಿಂದ. ಮೈಸೂರಿನ ಬಾಣಗಾರರು ಓದಿದ್ದರೆ ಹೆಮ್ಮೆಪಟ್ಟಾರು. ಪಟ್ಟಿಯ ಕೊನೆಗೆ ಬಂದರೆ ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡೇ. ಅಂದರೆ ಖಾಲಿ ಕೊಳವೆ, ಕೇಪು, ಅಮೆರಿಕದ ಅಂಗಡಿಗಳಲ್ಲಿ ಬಹಿರಂಗವಾಗಿ ಮಾರುವ ತುಂಬುವ ಸಣ್ಣ ಕೈಯಂತ್ರ, ಎಲ್ಲಕ್ಕೂ ಕಾಯಿದೆಯ ಕಣ್ಣು ತಾಗುತ್ತದೆ. ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸಿನಲ್ಲೇ ಎಷ್ಟು ತೋಟಾ ಕೊಳ್ಳಬಹುದು ಎಂದು ಬರೆದಿರುತ್ತದೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿಯೂ ಅಪರಾಧವಾಯಿತು. ಮಲೆನಾಡಿನ ಕೋವಿ ತೋಟದ ಕಾವಲಿಗೆ, ಮಂಗ ಓಡಿಸಲಿಕ್ಕೆ, ಚುನಾವಣೆ ಬಂದಾಗ ಠಾಣೆಯಲ್ಲಿ ಜಮೆ ಮಾಡಲಿಕ್ಕೆ ಎಂಬ ಸ್ಥಿತಿಗೆ ಬಂತು.

ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆಯಿತು. 1884ರಲ್ಲೇ ಜಾನ್ ಬಾರ್ಲೋನ ಐಡಿಯಲ್ ಕಂಪನಿ ಮನೆಯಲ್ಲಿ ತೋಟಾ ತುಂಬುವ ಸಲಕರಣೆ ಮಾರಿತು, ಜೊತೆಗೆ ಕೈಪಿಡಿ ಅಚ್ಚು ಹಾಕಿತು. 1937ರಲ್ಲಿ ಫಿಲಿಪ್ ಶಾರ್ಪ್ ಇದರ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದ. ಎರಡನೇ ಯುದ್ಧ ಮುಗಿದಾಗ ಸೈನ್ಯದ ಬಳಿ ಉಳಿದ ಮದ್ದನ್ನು ಬ್ರೂಸ್ ಹಾಡ್ಜ್‌ಡನ್ ಎಂಬಾತ ಅಗ್ಗಕ್ಕೆ ಕೊಂಡು ಅಂಚೆಯಲ್ಲಿ ಮಾರತೊಡಗಿದ. ಮನೆ ಮನೆಯಲ್ಲಿ ಜನ ತುಂಬಿದರು, ಹೊಡೆದರು, ಬರೆದುಕೊಂಡರು, ಕೆಲವರು ಗಾಯಗೊಂಡರು. ಪರ್ಸನಲ್ ಕಂಪ್ಯೂಟರ್ ಬಂದಾಗ ಲೆಕ್ಕ ಅಲ್ಲಿಗೆ ಜಾರಿದ್ದು ಸಹಜವೇ. ಜರ್ಮನಿಯ ಹಾರ್ಟ್‌ಮುಟ್ ಬ್ರೋಮೆಲ್ ಬರೆದ 'ಕ್ವಿಕ್‌ಲೋಡ್' ಈ ಜಾತಿಯಲ್ಲಿ ಹೆಸರಾದದ್ದು. ಕೊಳವೆಯೊಳಗೆ ಎಷ್ಟು ನೀರು ಹಿಡಿಯುತ್ತದೆ, ಗುಂಡಿನ ತೂಕ ಎಷ್ಟು, ಎಷ್ಟು ಆಳಕ್ಕೆ ಕೂತಿದೆ, ನಳಿಗೆ ಎಷ್ಟು ಉದ್ದ, ಮದ್ದು ಯಾವುದು ಎಂದು ಕೊಟ್ಟರೆ ಒತ್ತಡ ಹೇಗೆ ಏರಿ ಇಳಿಯುತ್ತದೆ, ಗುಂಡು ಎಷ್ಟು ವೇಗದಲ್ಲಿ ಹೊರಬೀಳುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ನೋಬಲ್ ಜಜ್ಜಿದ ತಾಮ್ರದ ತುಂಡು, ವಿಯೇ ಬರೆದ ಉರಿಯುವ ನಿಯಮ, ಎರಡೂ ಆ ಗೆರೆಯೊಳಗೆ ಇವೆ.

ಗೆರೆ ಸುಂದರವಾಗಿರುವುದೇ ಅಪಾಯ. ತಂತ್ರಾಂಶಕ್ಕೆ ಗೊತ್ತಿರುವುದು ಮದ್ದಿನ ಒಂದು ಮಾದರಿ. ಡಬ್ಬಿಯೊಳಗಿರುವುದು ಇನ್ನೊಂದು ಬ್ಯಾಚಿನ ಮದ್ದು. ಅದೇ ಹೆಸರು, ಸ್ವಲ್ಪ ಬೇರೆ ಸ್ವಭಾವ. ಕೊಳವೆಯ ಗಾತ್ರ ಅಳೆಯುವಲ್ಲಿ ಒಂದಿಷ್ಟು ತಪ್ಪಿದರೆ ಉತ್ತರ ತಪ್ಪುತ್ತದೆ, ತಪ್ಪಿದ ಉತ್ತರವೂ ಅಷ್ಟೇ ಅಚ್ಚುಕಟ್ಟಾಗಿ ಪರದೆಯ ಮೇಲೆ ಮೂಡುತ್ತದೆ. ಆದ್ದರಿಂದ ಅನುಭವಸ್ಥರು ತಂತ್ರಾಂಶದ ಅಂಕಿಯನ್ನು ನೇರ ನಂಬುವುದಿಲ್ಲ. ಮದ್ದಿನ ಕಂಪನಿಗಳು ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಅಚ್ಚು ಹಾಕಿದ ಕೈಪಿಡಿಯೇ ಅವರಿಗೆ ಪ್ರಮಾಣ. ವೇಗ ಅಳೆಯುವ ಕ್ರೊನೊಗ್ರಾಫ್ ಹೇಳಿದ್ದಕ್ಕೂ ತಂತ್ರಾಂಶ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಗುಂಡು ಹಾರಿದ ಮೇಲಿನ ಲೆಕ್ಕ ತಪ್ಪಿದರೆ ಗುರಿ ತಪ್ಪುತ್ತದೆ. ಒಳಗಿನ ಲೆಕ್ಕ ತಪ್ಪಿದರೆ ಹೊಡೆಯುವವನ ಮುಖವೇ ಗುರಿ. ಒಂದೇ ಬಗೆಯ ಆ್ಯಪ್‌ಗಳ ಹಾಗೆ ಕಾಣುವ ಇವೆರಡರ ನಡುವಿನ ಈ ವ್ಯತ್ಯಾಸ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

*

ಹಾಗಾದರೆ ಭಾರತದ ಗುರಿಕಾರರು ಏನು ಮಾಡುತ್ತಾರೆ? ಒಲಿಂಪಿಕ್ಸ್‌ನಲ್ಲಿ 300 ಮೀಟರ್ ರೈಫಲ್ 1972ಕ್ಕೆ ಕೊನೆಯಾಯಿತು. ಉಳಿದ ರೈಫಲ್ ಸ್ಪರ್ಧೆಗಳು ಪಾಯಿಂಟ್ ಟೂ ಟೂ ಮತ್ತು ಏರ್ ರೈಫಲ್‌ನವು. ಪಾಯಿಂಟ್ ಟೂ ಟೂ ತೋಟಾದ ಅಂಚಿನೊಳಗೇ ಸಿಡಿಮದ್ದು ಇರುವುದರಿಂದ ಅದನ್ನು ಮತ್ತೆ ತುಂಬುವಂತಿಲ್ಲ. ಏರ್ ರೈಫಲ್‌ಗೆ ಮದ್ದೇ ಇಲ್ಲ. ಹಾಗಾಗಿ ಕೈಯಾರೆ ತುಂಬುವ ಕಲೆಯ ಜಾಗಕ್ಕೆ ಆರಿಸುವ ಕಲೆ ಬಂದಿದೆ. ಕಾನೂನು ಬಿಟ್ಟ ಕಿಂಡಿಯೂ ಅಲ್ಲೇ ಇದೆ: 20 ಜೂಲ್‌ಗಿಂತ ಕಡಿಮೆ ಶಕ್ತಿಯ, ಪಾಯಿಂಟ್ ಒನ್ ಸೆವೆನ್ ಸೆವೆನ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ.

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಮುಂಬಯಿಯ ಕಡೆ ಬೆಳೆದು, ಪನವೇಲ್‌ನಲ್ಲಿ ನೆಲೆಸಿದ ಸುಮಾ ಶಿರೂರ್ ಈ ಕಿಂಡಿಯಿಂದ ಬಂದವರು. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ಮುಟ್ಟಿದರು. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಅಂಥ ನಲವತ್ತು ಹೊಡೆತ. 2006ರಲ್ಲಿ ನವಿ ಮುಂಬಯಿಯ ಪನವೇಲ್‌ನಲ್ಲಿ ಅವರು ಶುರುಮಾಡಿದ ಲಕ್ಷ್ಯ ಶೂಟಿಂಗ್ ಕ್ಲಬ್‌ಗೆ ಕಲ್ಯಾಣ, ಡೊಂಬಿವಲಿ, ಠಾಣೆಯ ಹುಡುಗ ಹುಡುಗಿಯರಿಗೆ ಲೋಕಲ್ ಗಾಡಿಯ ದಾರಿ. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅವನಿ ಲೇಖರಾಗೆ ಅವರು ಗುರು. 2022ರ ದ್ರೋಣಾಚಾರ್ಯ ಪ್ರಶಸ್ತಿ ಅದಕ್ಕೇ ಬಂತು.

ಈ ಆಟದಲ್ಲೂ ತಂತ್ರಾಂಶವಿದೆ. ನಳಿಗೆಗೆ ಸಣ್ಣ ಸಂವೇದಕ ಕಟ್ಟಿ, ಟ್ರಿಗರ್ ಒತ್ತುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಕೈ ಹೇಗೆ ಅಲುಗಿತು ಎಂದು ಪರದೆಯ ಮೇಲೆ ಗೆರೆ ಬಿಡಿಸುವ ರಷ್ಯದ 'ಸ್ಕಾಟ್' ಹೆಸರಿನದು ಶೂಟಿಂಗ್ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಆದರೆ ಸೀಸದ ಗುಂಡಿನ ವಿಷಯದಲ್ಲಿ ಕೆಲಸ ಇನ್ನೂ ರಾಬಿನ್ಸನ ಕಾಲದ್ದೇ: ಹೊಡೆದು ನೋಡುವುದು. 4.5 ಮಿಲಿಮೀಟರ್ ಎಂದು ಕರೆಯುವ ಗುಂಡಿನ ತಲೆ 4.48, 4.49, 4.50, 4.51, 4.52 ಎಂದು ನೂರನೇ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಬೇರೆ ಬೇರೆ ಅಳತೆಗೆ ಸಿಗುತ್ತದೆ. ಯಾವ ನಳಿಗೆಗೆ ಯಾವುದು ಒಪ್ಪುತ್ತದೆ ಎಂದು ಸಮೀಕರಣ ಹೇಳುವುದಿಲ್ಲ. ರೈಫಲ್ಲನ್ನು ಅಲುಗದ ಹಾಗೆ ಇಕ್ಕುಳಕ್ಕೆ ಬಿಗಿದು, ಒಂದೊಂದು ಡಬ್ಬಿಯಿಂದ ಕೆಲವನ್ನು ಹೊಡೆದು, ಕಾಗದದ ಮೇಲಿನ ತೂತುಗಳು ಎಷ್ಟು ಒತ್ತೊತ್ತಾಗಿ ಬಿದ್ದಿವೆ ಎಂದು ಅಳೆಯುತ್ತಾರೆ.

ಆ ಗುಂಡುಗಳು ಬರುವುದು ಜರ್ಮನಿಯಿಂದ, ಚೆಕ್ ದೇಶದಿಂದ. ಅಂಬರನಾಥದ ಕಾರ್ಖಾನೆ 2021ರ ಅಕ್ಟೋಬರ್ 1ರಂದು ಹಳೆಯ ಆರ್ಡ್‌ನೆನ್ಸ್ ಮಂಡಳಿ ಏಳು ಹೋಳಾದಾಗ ನಾಗಪುರದ ಯಂತ್ರ ಇಂಡಿಯಾ ಕಂಪನಿಗೆ ಸೇರಿತು. ಡಂಡಂ ಕಾರ್ಖಾನೆಯೂ ಈಗ ಅದೇ ಕಂಪನಿಯದು. ಪನವೇಲ್‌ನಿಂದ ಒಂದು ಗಂಟೆಯ ದಾರಿಯಲ್ಲಿ ಹಿತ್ತಾಳೆಯ ಬಟ್ಟಲುಗಳು ಸೈನ್ಯಕ್ಕೆ ಹೋಗುತ್ತಲೇ ಇವೆ. ಇತ್ತ ಗುರಿಕಾರರು ಪರೀಕ್ಷೆಯಲ್ಲಿ ಗೆದ್ದ ಡಬ್ಬಿಯ ಬ್ಯಾಚ್ ಸಂಖ್ಯೆ ಬರೆದುಕೊಂಡು, ಅದೇ ಸಂಖ್ಯೆಯ ಡಬ್ಬಿಗಳು ಇನ್ನೂ ಉಳಿದಿವೆಯೇ ಎಂದು ವಿಚಾರಿಸಿ, ಸೀಸನ್ನಿಗೆ ಆಗುವಷ್ಟನ್ನು ಒಟ್ಟಿಗೇ ತರಿಸಿಟ್ಟುಕೊಳ್ಳುತ್ತಾರೆ.